ಸಿಡುಬಿನ ಹಾಸಿಗೆ

ಈಸ್ಟ್ ಹ್ಯಾಡಮ್, ಕನೆಕ್ಟಿಕಟ್
9 ಫೆಬ್ರುವರಿ 1997

ಪ್ರೀತಿಯ ಮಾರ್ಲಿಸ್,

ನೀನು ಕ್ರಿಸ್‌ಮಸ್‌ಗೆ ಕಳಿಸಿದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ಫೋನು ಮಾಡೋಣವೆಂದರೆ ನಿಮ್ಮಣ್ಣ ಆರಿನ್ ಒಳಕೋಣೆಯ ಫೋನೆತ್ತಿ ಕೇಳಿಸಿಕೊಳ್ಳುತ್ತಾನೆ. ನೀನು, ಮಕ್ಕಳು ಆರಾಮ ತಾನೇ?

ನಾವು ಆರಾಮಿಲ್ಲ. ನವೆಂಬರಿನಲ್ಲಿ ಆರಿನ್ ಒಂದು ದೊಡ್ಡ ಕೊಂಬಿನ ಗಂಡು ಜಿಂಕೆ ಹೊಡೆದ. ಎಂದಿನಂತೆ ಹೆಗಲ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ನೇತುಹಾಕಿದ. "ಮೈ ನೋಡ್ಕೊ, ಉಣ್ಣಿ ಹತ್ತಿರುತ್ತೆ" ಅಂದೆ. "ಹಿಮ ಬಿದ್ಮೇಲೆ ಎಲ್ಲಿಯ ಉಣ್ಣಿನೇ, ದಡ್ಡಿ!" ಅಂದ. ಇಲ್ಲಿನ ಬೇಟೆಗಾರರೆಲ್ಲ ನಂಬಿರುವುದೇ ಹಾಗೆ. ಸತ್ತ ಜಿಂಕೆ ತಣ್ಣಗಾದರೆ ಉಣ್ಣಿ ಬಿಸಿ ಮೈ ಹುಡುಕಿಕೊಂಡು ಬರುತ್ತದೆ, ಅದಕ್ಕೇನು ಕ್ಯಾಲೆಂಡರ್ ಗೊತ್ತೆ? ಡಿಸೆಂಬರಿನಲ್ಲಿ ಅವನಿಗೆ ಜ್ವರ ಬಂತು, ಮಂಡಿ ಊದಿತು. ಉಣ್ಣಿ ಕಚ್ಚಿ ಬರುವ ಲೈಮ್ ರೋಗ ಅಂದರು.

ಅದಕ್ಕೆ ಮಾತ್ರೆ ನುಂಗುತ್ತಿರುವಾಗಲೇ ಹಣೆಯಿಂದ ಎಡಗಣ್ಣಿನವರೆಗೆ ಸರ್ಪಸುತ್ತು ಎದ್ದಿತು. ಅಯ್ಯೋ, ಆ ಗುಳ್ಳೆಗಳೋ! ದಿಂಬು ತಾಕಿದರೂ ಕಿರುಚುತ್ತಾನೆ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು ಇಷ್ಟು ವರ್ಷ ನರದೊಳಗೇ ಮಲಗಿತ್ತಂತೆ. ಲೈಮ್ ಬಂದು ಮೈ ಸೋತಿದ್ದಕ್ಕೆ ಎದ್ದಿರಬಹುದು ಅಂದರು ಡಾಕ್ಟರು. ಆರಿನ್‌ನ ತಲೆಯಲ್ಲಿ ಉಳಿದದ್ದು ಒಂದೇ: ನಿನಗೆ ಸಿಡುಬು ಎದ್ದಾಗ ನಿಮ್ಮಮ್ಮ ಅವನನ್ನೂ ನಿನ್ನ ಹಾಸಿಗೆಯಲ್ಲೇ ಮಲಗಿಸಿದ್ದು. ಆ ಕಾಲದಲ್ಲಿ ಎಲ್ಲ ತಾಯಂದಿರೂ ಹಾಗೆ ಮಾಡುತ್ತಿದ್ದರು, ಮಕ್ಕಳಿಗೆಲ್ಲ ಒಟ್ಟಿಗೇ ಬಂದು ಹೋಗಲಿ ಅಂತ.

ಕಳೆದ ಭಾನುವಾರ ಅತ್ತೆ ಊಟ ಬಡಿಸುತ್ತಿದ್ದರು. "ನೀನೇ ಅಲ್ವೇನೇ ನಂಗಿದನ್ನ ಹಚ್ಚಿದ್ದು, ಮುದುಕಿ!" ಎಂದು ಆರಿನ್ ಮೇಜು ಉರುಳಿಸಿ, ಅವರ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಆ ಮುದಿಜೀವದ ಕಾಲು ನೆಲ ಬಿಟ್ಟಿತ್ತು. ನಾನು ಕಬ್ಬಿಣದ ಬಾಣಲೆ ಎತ್ತಿ ಅವನ ಬಲಗೈಗೆ ಬಾರಿಸಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಆಮೇಲೂ ಒಂದು ಬಾರಿಸಿದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಉಸಿರು ತಿರುಗಿದ್ದೇ ತಡ, ಅತ್ತೆ ನನಗೇ ಗದರಿದರು: "ಹೊಡೀಬೇಡ್ವೇ, ಮಗೂಗೆ ಮೊದಲೇ ನೋವು!" ಮಗುವಂತೆ! ಐವತ್ತು ದಾಟಿದ ಕತ್ತೆ.

ಈಗ ಎಡಗೈಯಲ್ಲಿ ಬಂದೂಕು ಒರೆಸುತ್ತ ಕೂತಿರುತ್ತಾನೆ. "ಕೈ ಕೂಡ್ಕೊಳ್ಲಿ, ಆ ಮುದುಕಿಗೆ ಇದೆ" ಅನ್ನುತ್ತಾನೆ. ಶನಿವಾರ ಬೆಳಿಗ್ಗೆ ಪಕ್ಕದ ಮನೆಯವರು ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆಗ ಬಂದು ನಿಮ್ಮಮ್ಮನನ್ನು ಕರೆದುಕೊಂಡು ಹೋಗು. ಬರಲ್ಲ ಅಂತ ಅತ್ತರೂ ಬಿಡಬೇಡ.

ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅತ್ತಿಗೆ,
ನೆಡ್ರಾ

ಇನ್ನೊಂದು ಮಾತು: ಡಾಕ್ಟರೂ ಪಾದ್ರಿಯೂ "ರೋಗ ಅವನ ಕೈಲಿ ಹೀಗೆಲ್ಲ ಮಾಡಿಸ್ತಿದೆ" ಅನ್ನುತ್ತಾರೆ. ನಿಮ್ಮಮ್ಮನ ಮೇಲೆ ಕೈ ಮಾಡಿಸಿದ್ದು ರೋಗವೇ ಇರಬಹುದು. ಆದರೆ ಅವನ ಏಟಿಗೆ ನನ್ನ ಬಲಗಿವಿ ಕಿವುಡಾದ ವರ್ಷ ಅವನಿಗೆ ನೆಗಡಿಯೂ ಇರಲಿಲ್ಲ, ಮಾರ್ಲಿಸ್. ಕಾರಿನಲ್ಲಿ ನನಗೂ ಜಾಗ ಇಟ್ಟುಕೊಂಡು ಬಾ.