ಮೂಲೆ ಹರಿದ ಕಾರ್ಡು

ತಂಬ್ರಹಳ್ಳಿ
ಶನಿವಾರ, ೧೬-೭-೧೯೭೭

ಕಾಗದ ಬರೆಯುವುದನ್ನೇ ಮರೆತುಬಿಟ್ಟಿರುವ ಅಣ್ಣ ಗಾಳೆಪ್ಪನಿಗೆ ತಂಗಿ ಮಾಳಮ್ಮ ಮಾಡುವ ನಮಸ್ಕಾರಗಳು.

ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಮೂರು ಹೊತ್ತೂ ಅನ್ನ ತಿಂದು ಹೊಟ್ಟೆ ಕೆಟ್ಟಿದೆ ಅಂತ ನೀನು ಹಿಂದೊಮ್ಮೆ ಬರೆದಿದ್ದೆ, ಈಗ ರೂಢಿಯಾಯಿತೇ? ಆ ಗುಡ್ಡದಲ್ಲಿ ಇನ್ನೂ ಮಳೆಯೇ? ಇಷ್ಟು ಕೇಳುವುದು ಪದ್ಧತಿ, ಕೇಳಿದ್ದೇನೆ. ಉತ್ತರ ಬರುತ್ತದೆ ಎಂದು ಕೇಳಿದ್ದಲ್ಲ. ಯುಗಾದಿಗೆ ಮುಂಚೆ "ನಾನು ಕ್ಷೇಮ, ರಜೆ ಸಿಕ್ಕಿಲ್ಲ" ಅಂತ ಒಂದೂವರೆ ಸಾಲು ಗೀಚಿ ಕಳಿಸಿದವನು, ಆಮೇಲೆ ಸುದ್ದಿಯೇ ಇಲ್ಲ. ಯುಗಾದಿ ಹೋಯಿತು, ಕಾರಹುಣ್ಣಿಮೆ ಹೋಯಿತು, ಸಜ್ಜೆ ಬಿತ್ತಿ ಮೊಳಕೆಯೂ ಬಂತು. ಎ.ಪಿ.ಓ. ಅಂತ ಒಂದು ನಂಬರು ಬಿಟ್ಟರೆ ನೀನಿರುವ ಊರಿನ ಹೆಸರು ಸಹ ನಮಗೆ ಗೊತ್ತಿಲ್ಲ. ಸೈನ್ಯದಲ್ಲಿ ಬಂದೂಕು ಕೊಡುತ್ತಾರೆ, ಬೂಟು ಕೊಡುತ್ತಾರೆ, ಪೆನ್ನು ಮಾತ್ರ ಕೊಡುವುದಿಲ್ಲವೇ? "ಇತ್ತ ನಾವೆಲ್ಲ ಕ್ಷೇಮ" ಎಂದು ಬರೆಯುವುದೂ ಪದ್ಧತಿಯೇ. ಅದನ್ನು ಮಾತ್ರ ಈ ಸಲ ಬರೆಯುವುದಿಲ್ಲ. ನನಗೆ ಎಂಥ ಸಿಟ್ಟು ಬಂದಿದೆಯೆಂದರೆ ಇದು ಮೂರನೆಯ ಕಾಗದ, ಮೊದಲಿನ ಎರಡನ್ನು ಹರಿದು ಒಲೆಗೆ ಹಾಕಿದೆ. ಪೂರ್ತಿ ಓದು. ಅರ್ಧಕ್ಕೆ ಮಡಚಿ ಜೇಬಿಗಿಟ್ಟುಕೊಂಡರೆ ನನ್ನಾಣೆ.

ಧಾರವಾಡದಲ್ಲಿ ಎಂ.ಎಸ್ಸಿ. ಸಸ್ಯಶಾಸ್ತ್ರಕ್ಕೆ ಅರ್ಜಿ ಹಾಕು ಅಂದವನು ನೀನು. ಸಂಕ್ರಾಂತಿ ರಜೆಗೆ ಬಂದಾಗ ಕಟ್ಟೆ ಮೇಲೆ ಕೂತು, "ನಾ ಅದೀನಲ್ಲ, ನೀ ಓದವಾ, ಯಾರೇನಂತಾರ ನೋಡ್ತೀನಿ" ಅಂತ ಓಣಿಗೆಲ್ಲ ಕೇಳುವಂತೆ ಹೇಳಿದ್ದೆ. ಕೊಟ್ಟೂರಿನಲ್ಲಿ ಜೋಗಮ್ಮತ್ತೆಯ ಮನೆಯಲ್ಲಿದ್ದು ನಾನು ಬಿ.ಎಸ್ಸಿ. ಮುಗಿಸಿದೆ, ಮೊದಲ ದರ್ಜೆ ಬಂತು, ಅರ್ಜಿ ಹೋಯಿತು. ನಮ್ಮ ಬೆನಕಪ್ಪ ಮೇಷ್ಟ್ರು ಮೊದಲೇ ಹೇಳಿದ್ದರು: ಸಂದರ್ಶನಕ್ಕೆ ಅಚ್ಚು ಹಾಕಿದ ಒಂದು ಕಾರ್ಡು ಬರುತ್ತದೆ, ಅದರಲ್ಲಿರುವ ದಿನಕ್ಕೆ ನೀನು ಅಲ್ಲಿ ನಿಂತಿರಬೇಕು, ನಿಲ್ಲದಿದ್ದರೆ ನಿನ್ನ ಸೀಟು ಪಟ್ಟಿಯಲ್ಲಿ ನಿನ್ನ ಹಿಂದಿನವರಿಗೆ ಹೋಗುತ್ತದೆ. ಹಾಗಾಗಿ ನನಗೆ ಕಾಯುವುದೇ ಕೆಲಸವಾಯಿತು. ಕಾಯುವುದು ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ, ಕಾಯಿಸಿ ಮಾತ್ರ ಗೊತ್ತು. ಅಂಚೆಯ ಚೌಡಣ್ಣನ ಸೈಕಲ್ ಗಂಟೆ ಊರಬಾಗಿಲಲ್ಲಿ ಕೇಳಿದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಕಳೆ ಕೀಳಲು ಹೋದರೆ ಹೊಲದಿಂದ ಓಡಿ ಬರುತ್ತಿದ್ದೆ. ನೀರಿಗೆ ಹೋದರೆ ಕೊಡ ಅಲ್ಲೇ ಬಿಟ್ಟು ಬರುತ್ತಿದ್ದೆ. ಓಣಿಯವರಂತೂ ಬಿಡಲಿಲ್ಲ. "ಏನವ್ವಾ, ದೊಡ್ಡ ಸಾಲಿ ಕಾಗದ ಬಂತೇನು?" ಅಂತ ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಹದಿನೈದು ದಿನ ಪ್ರೀತಿಯಿಂದ ಕೇಳಿಸಿಕೊಂಡು ನೋಡು, ಗೊತ್ತಾಗುತ್ತದೆ.

ಜುಲೈ ಬಂದರೂ ಕಾರ್ಡು ಬರಲಿಲ್ಲ. ಆಗ ನನಗೆ ಚೌಡಣ್ಣನ ಮೇಲೆ ಅನುಮಾನ ಬಂತು. ಅವನ ರೀತಿ ನಿನಗೆ ಗೊತ್ತಲ್ಲ. ಊರೊಳಗಿನ ಮನೆಗಳಲ್ಲಿ ಸೈಕಲ್ ಇಳಿದು, ಕಾರ್ಡು ಕೈಗೆ ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಿ, ನೀರು ಕುಡಿದು ಬರುತ್ತಾನೆ. ನಮ್ಮ ಓಣಿಗೆ ಬಂದರೆ ಒಂದು ಕಾಲು ನೆಲಕ್ಕೂರಿ, ಕಾರ್ಡನ್ನು ಬಾಗಿಲ ಚಿಲಕಕ್ಕೆ ಸಿಗಿಸಿ, ಗಂಟೆ ಹೊಡೆದು ಹೋಗಿಬಿಡುತ್ತಾನೆ. ನಮ್ಮ ಕೈಗೆ ಅವನ ಕೈ ತಾಕಬಾರದು. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿ ಮುಂದೆ ಅವನನ್ನು ತಡೆದು, ನನ್ನ ಕಾರ್ಡು ಎಲ್ಲಿ ಬಿಸಾಡಿದೆ ಅಂತ ಕೇಳಿದೆ. "ನೀ ಕೊಟ್ಟೂರಿಗೆ ಹೋಗಿದ್ದಿಯಲ್ಲ, ಆವತ್ತು ನಿಮ್ಮ ಚಿಲಕಕ್ಕ ಒಂದು ಕಾರ್ಡು ಸಿಗಿಸೀನಿ, ಯಾರದಂತ ನೋಡಿಲ್ಲ" ಅಂದ. ಮನೆಗೆ ಓಡಿ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಒಲೆ ಕಡೆ ಮುಖ ಮಾಡಿ, "ಯಾವ ಕಾರ್ಡೂ ಬಂದಿಲ್ಲ, ಹೋಗು" ಅಂದಳು. ನಮ್ಮಮ್ಮ ಸುಂಕಮ್ಮ ಸುಳ್ಳು ಹೇಳಿದ್ದನ್ನು ಈ ಊರಲ್ಲಿ ಯಾರಾದರೂ ಕೇಳಿದ್ದಾರೆಯೇ? ನಾನು ಮತ್ತೆ ಹೋಗಿ ಹತ್ತು ಜನರ ಮುಂದೆ ಚೌಡಣ್ಣನನ್ನು ಸುಳ್ಳುಗಾರ ಅಂದೆ. ನಮ್ಮ ಓಣಿಗೆ ಬರಲು ನಿನ್ನ ಕಾಲು ಸವೆಯುತ್ತದೆಯೇನು ಅಂತಲೂ ಕೇಳಿದೆ. ಅವನು ಸೈಕಲ್ ತಳ್ಳಿಕೊಂಡು ಹೋದ.

ಅದೇ ದಿನಗಳಲ್ಲಿ ಅಮ್ಮನೂ ಬೇರೆಯೇ ಆಗಿದ್ದಳು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕೈ ನಿಲ್ಲಿಸಿ ಕೂತುಬಿಡುತ್ತಿದ್ದಳು, ಹಂಚಿನ ಮೇಲಿನದು ಸೀದು ಹೋಗುತ್ತಿತ್ತು. ನಿನ್ನ ಹಳೆಯ ಟ್ರಂಕನ್ನು ದಿನಾ ಒರೆಸುವಳು. ನಿನ್ನ ಹೆಸರೆತ್ತಿದರೆ ಎದ್ದು ಹೊರಗೆ ಹೋಗುವಳು. ಧಾರವಾಡದ ಹೆಸರೆತ್ತಿದರೆ, "ಇನ್ನ ಈ ಮನಿಯಾಗಿಂದ ಯಾರೂ ದೂರ ಹೋಗಾದು ಬ್ಯಾಡ" ಅನ್ನುವಳು. ನಾನು ಏನು ತಿಳಿದುಕೊಂಡೆ ಹೇಳು? ಇವಳಿಗೆ ನಾನು ಓದುವುದು ಬೇಡವಾಗಿದೆ, ಯಾರೋ ಕಿವಿ ಊದಿದ್ದಾರೆ, ಗಂಡು ನೋಡುತ್ತಿದ್ದಾಳೆ ಅಂತ ತಿಳಿದುಕೊಂಡೆ. ಒಂದು ದಿನ ತಡೆಯಲಾಗದೆ ಅಂದುಬಿಟ್ಟೆ: "ಮಗನ್ನಾದ್ರ ದೇಶದ ಮೂಲಿಗೆ ಕಳಿಸ್ತಿ, ಮಗಳನ್ನ ಧಾರವಾಡಕ್ಕ ಕಳಿಸಾಕ ಆಗಲ್ಲೇನು ನಿನಗ?" ಅಮ್ಮ ನನ್ನ ಮುಖ ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿಲ್ಲ. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ. ಈಗ ಅರ್ಥವಾಗಿದೆ.

ನಿನ್ನೆ, ಶುಕ್ರವಾರ, ಒಲೆಗೆ ಸಗಣಿ ಕುಳ್ಳು ತರಲು ಹಿತ್ತಲಿಗೆ ಹೋದೆ. ಮಳೆ ಹನಿ ಬೀಳುತ್ತಿತ್ತು, ಮೇಲಿನವು ನೆನೆದಿದ್ದವು, ಒಣಗಿದ್ದು ಸಿಗಲೆಂದು ರಾಶಿಯ ಒಳಗೆ ಕೈ ಹಾಕಿದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಒಂದು ಕಾರ್ಡು ಕೈಗೆ ಬಂತು. ನನ್ನ ಹೆಸರು. ಕುಮಾರಿ ಆರ್. ಮಾಳಮ್ಮ. ಧಾರವಾಡ. ಸಂದರ್ಶನ ಜುಲೈ ಹನ್ನೊಂದು, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ಮೂಲ ಅಂಕಪಟ್ಟಿಯೊಂದಿಗೆ. ಕಳೆದ ಸೋಮವಾರ ಹತ್ತೂವರೆಗೆ ನಾನು ಪಕ್ಕದ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದೆ ಅಣ್ಣಾ. ಕಾರ್ಡಿನ ಬಲಗಡೆ ಮೇಲಿನ ಮೂಲೆ ಹರಿದು ಹೋಗಿತ್ತು.

ಮೂಲೆ ಹರಿದ ಕಾರ್ಡು ಅಂದರೆ ಏನು ಅಂತ ನಿನಗೆ ಹೇಳಬೇಕಿಲ್ಲ. ಸತ್ತ ಸುದ್ದಿ ಬರೆದು ಮೂಲೆ ಹರಿದು ಕಳಿಸುತ್ತಾರೆ, ಅದನ್ನು ಮನೆಯೊಳಗೆ ತರುವಂತಿಲ್ಲ. ಅಪ್ಪ ಕಾಲುವೆ ಕೆಲಸಕ್ಕೆ ಗಂಗಾವತಿ ಕಡೆ ಹೋದಾಗ ಅಲ್ಲಿನ ಮೇಸ್ತ್ರಿ ಕಳಿಸಿದ ಕಾರ್ಡು ಹಾಗೆಯೇ ಬಂದಿತ್ತು. ನಿನಗೆ ಹತ್ತು ವರ್ಷ, ನನಗೆ ಆರು. ಅಮ್ಮ ಅದನ್ನು ಹಿಡಿದುಕೊಂಡು ಊರೊಳಗೆ ಹೋಗಿ ಶಾಲೆಯ ಮಾಸ್ತರಿಂದ ಓದಿಸಿದಳು. ಓದಿಸುವವರೆಗೂ ಅವಳ ಗಂಡ ಬದುಕಿದ್ದ, ಓದಿಸಿದ ಮೇಲೆ ಸತ್ತ. ಅವಳಿಗೆ ಅಕ್ಷರ ಬರುವುದಿಲ್ಲ, ಕಾರ್ಡಿನಲ್ಲಿ ಅವಳಿಗೆ ಓದಲು ಬರುವುದು ನಾಲ್ಕು ಮೂಲೆ ಮಾತ್ರ. ಆವತ್ತು ನಾನು ಅಂಕಪಟ್ಟಿ ತರಲು ಕೊಟ್ಟೂರಿಗೆ ಹೋಗಿದ್ದೆ. ಹೊಲದಿಂದ ಬಂದವಳು ಚಿಲಕದಲ್ಲಿ ಮೂಲೆಯಿಲ್ಲದ ಕಾರ್ಡು ನೋಡಿದಳು. ನಾಲ್ಕು ತಿಂಗಳಿಂದ ನಿನ್ನ ಕಾಗದ ಇಲ್ಲ. ಇನ್ನು ಯಾರ ಸಾವಿನ ಸುದ್ದಿ ಬರಬೇಕು ಈ ಮನೆಗೆ? ಈ ಸಲ ಓದಿಸಲಿಲ್ಲ. ಒಳಗೂ ತರಲಿಲ್ಲ, ಹರಿಯಲೂ ಇಲ್ಲ. ಹಿತ್ತಲಲ್ಲಿ ಕುಳ್ಳಿನ ನಡುವೆ, ನೆನೆಯದ ಹಾಗೆ ಮುಚ್ಚಿಟ್ಟಳು. ಹದಿನೆಂಟು ದಿನ ನೀನು ಸತ್ತಿದ್ದೀ ಅಂತ ಒಬ್ಬಳೇ ಹೊತ್ತುಕೊಂಡು ನನಗೆ ರೊಟ್ಟಿ ಬಡಿದು ಹಾಕಿದಳು. ನಿನ್ನೆ ಕಾರ್ಡು ನನ್ನ ಕೈಯಲ್ಲಿ ಕಂಡ ಕೂಡಲೇ ಅಂಗಳದಲ್ಲೇ ಕುಸಿದು ಕೂತು ಅಂದಳು, "ಓದಬ್ಯಾಡವಾ. ಓದಿದ್ರ ಖರೆ ಆಗತೈತಿ."

ನಾನು ಓದಿದೆ. ಗಟ್ಟಿಯಾಗಿ, ಪೂರ್ತಿ, ಕೆಳಗಿನ ಸಹಿಯವರೆಗೂ ಓದಿದೆ. ನಿನ್ನ ಸುದ್ದಿ ಅಲ್ಲ ಅಂತ ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗತೊಡಗಿದಳು ಅಣ್ಣಾ! ನನ್ನ ಎರಡು ವರ್ಷದ ಓದು ನನ್ನ ಕೈಯಲ್ಲಿ ಸತ್ತು ಬಿದ್ದಿದೆ, ಅವಳು ಅಳುತ್ತಾ ನಗುತ್ತಾ "ಅದಾನ, ನನ್ನ ಮಗ ಅದಾನ" ಅಂತ ಅಂಗಳದ ತುಂಬ ಓಡಾಡುತ್ತಾಳೆ. ಡಬ್ಬಿಯಲ್ಲಿದ್ದ ಬೆಲ್ಲವನ್ನೆಲ್ಲ ಕುಟ್ಟಿ ಓಣಿಗೆ ಹಂಚಿದಳು. ಬೆಲ್ಲ ಯಾಕೆ ಅಂತ ಕೇಳಿದವರಿಗೆ ಸರಿಯಾಗಿ ಹೇಳಲು ಬಾಯಿ ಬರಲಿಲ್ಲ, ಧಾರವಾಡದ ಕಾರ್ಡು ಅಂದಳಂತೆ. ಹುಲುಗಪ್ಪ ಮಾವ ಕೋಲೂರಿಕೊಂಡು ಬಂದು, "ಸೀಟು ಸಿಕ್ಕೈತಂತಲ್ಲವಾ, ನಮ್ಮ ಓಣಿ ಹೆಸರು ಉಳಿಸಿದಿ" ಅಂತ ನನ್ನ ತಲೆ ಮೇಲೆ ಕೈ ಇಟ್ಟ. ನಾನೂ ಬೆಲ್ಲ ತಿಂದೆ.

ಈಗ ಹೇಳು, ನಾನು ಯಾರ ಮೇಲೆ ಸಿಟ್ಟಾಗಲಿ? ಅಮ್ಮನ ಮೇಲೆ ಆಗಲು ನೋಡಿದೆ, ಆಗಲಿಲ್ಲ. ಚೌಡಣ್ಣ ಸುಳ್ಳು ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಚಿಲಕವನ್ನು ಸರಿಯಾಗಿ ನೋಡಿದೆ. ಕೊಂಡಿಯ ಮೊಳೆಗೆ ಬೆರಳುಗುರಿನಷ್ಟು ಕಾಗದದ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಕಾರ್ಡಿಗೆ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಅಮ್ಮನೇ ಎಳೆದುಕೊಳ್ಳುವಾಗ ಹರಿದಿರಬೇಕು. ಅವನು ಸುಳ್ಳುಗಾರನಲ್ಲ ಅಂತ ಅದೇ ಚಹಾದ ಅಂಗಡಿ ಮುಂದೆ ಹೋಗಿ ಹೇಳಿ ಬಂದೆ. ಹಾಗೆಯೇ ಇನ್ನೊಂದು ಮಾತೂ ಹೇಳಿದೆ: ಊರೊಳಗೆ ಕೊಡುವ ಹಾಗೆ ನಮಗೂ ಕೈಗೆ ಕೊಟ್ಟು ಓದಿ ಹೇಳಿದ್ದರೆ ಆ ಮೂಲೆಯೂ ಹರಿಯುತ್ತಿರಲಿಲ್ಲ, ನಮ್ಮ ತಾಯಿಯ ಕರುಳೂ ಹರಿಯುತ್ತಿರಲಿಲ್ಲ ಅಂದೆ. ಕ್ಷಮೆ ಕೇಳಲು ಹೋದವಳು ಜಗಳ ಮಾಡಿ ಬಂದೆ ಅಂತ ನಗಬೇಡ. ಅವನ ಪಾಲಿನದು ಅವನಿಗೆ ಕೊಟ್ಟೆ. ಉಳಿದದ್ದೆಲ್ಲ ನಿನ್ನ ಪಾಲಿಗೆ. ತಿಂಗಳಿಗೊಂದು ಕಾರ್ಡು ಬರೆದಿದ್ದರೆ, "ನಾನು ಕ್ಷೇಮ, ರಜೆ ಸಿಕ್ಕಿಲ್ಲ" ಅನ್ನುವ ಅದೇ ಹಾಳು ಒಂದೂವರೆ ಸಾಲು ಬರೆದಿದ್ದರೆ, ಮೂಲೆಯಲ್ಲ, ಅರ್ಧ ಕಾರ್ಡು ಹರಿದಿದ್ದರೂ ಅಮ್ಮ ಹೆದರುತ್ತಿರಲಿಲ್ಲ. ಓದು ಅಂದವನು ನೀನು. ಓದನ್ನು ಕಿತ್ತುಕೊಂಡವನೂ ನೀನು. ಒಂದು ಅಕ್ಷರವನ್ನೂ ಬರೆಯದೆ ಕಿತ್ತುಕೊಂಡೆ.

ಬೆನಕಪ್ಪ ಮೇಷ್ಟ್ರಿಗೆ ನಿನ್ನೆಯೇ ಹೋಗಿ ತೋರಿಸಿದೆ. ಕೆಲವು ಸಲ ಒಬ್ಬಿಬ್ಬರು ಸೇರದೆ ಸೀಟು ಉಳಿಯುವುದುಂಟು, ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೆ ವಿಭಾಗದ ಮುಖ್ಯಸ್ಥರ ಮುಂದೆ ಹೋಗಿ ನಿಲ್ಲು ಅಂದರು. ಉಳಿದಿರುತ್ತದೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಳೆ ಹೊರಡುತ್ತೇನೆ. ಕುಳ್ಳಿನ ವಾಸನೆ ಹಿಡಿದ ಈ ಕಾರ್ಡನ್ನು ಅವರ ಮೇಜಿನ ಮೇಲಿಟ್ಟು ಏನಂತ ಹೇಳಬೇಕೋ ಇನ್ನೂ ತಿಳಿದಿಲ್ಲ. ಇಂಥ ಕಾರಣವನ್ನು ಆ ಮಹಡಿ ಕಟ್ಟಡದಲ್ಲಿ ಯಾರು ನಂಬುತ್ತಾರೆ?

ಅಮ್ಮ ಆಶೀರ್ವಾದ ಬರಿ ಅಂದಳು, ಬರೆದಿದ್ದೇನೆ. ಹುಲುಗಪ್ಪ ಮಾವನೂ ಜೋಗಮ್ಮತ್ತೆಯೂ ಕೇಳಿದ್ದಾರೆ. ನನ್ನದು ನಮಸ್ಕಾರ ಮಾತ್ರ, ಪ್ರೀತಿಯನ್ನು ನಿನ್ನ ಕಾಗದ ಬಂದ ಮೇಲೆ ಕಳಿಸುತ್ತೇನೆ.

ಇತಿ ನಿನ್ನ ತಂಗಿ,
ಮಾಳಮ್ಮ

ಮರೆತದ್ದು: ಭಾನುವಾರ, ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡು. ಹುಬ್ಬಳ್ಳಿ ಬಸ್ಸು ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮನೂ ಬರುತ್ತಿದ್ದಾಳೆ, ಬೇಡವೆಂದರೂ ಕೇಳಲಿಲ್ಲ, ಆಗಲೇ ಹತ್ತಿ ಕಿಟಕಿಯ ಹತ್ತಿರ ಕೂತಿದ್ದಾಳೆ. ಕಾರ್ಡಿನ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಾಳೆ. "ದೊಡ್ಡ ಮಾಸ್ತರಿಗೆ ನಾನ ಹೇಳ್ತೀನಿ, ತಪ್ಪು ನಂದು, ಹುಡುಗೀದಲ್ಲ" ಅನ್ನುತ್ತಾಳೆ. ಸೀಟಿನದು ಹೇಗಾದರೂ ಆಗಲಿ. ಅಣ್ಣಾ, ಆ ಕಾರ್ಡು ನಿನ್ನ ಸುದ್ದಿಯದಲ್ಲ ಅಂತ ಗೊತ್ತಾದದ್ದಕ್ಕೇ ನೀನು ಚೆನ್ನಾಗಿದ್ದೀ ಅಂತ ಅಮ್ಮ ನಂಬಿಬಿಟ್ಟಿದ್ದಾಳೆ, ಬಸ್ಸಿನಲ್ಲಿ ಪಕ್ಕದವಳಿಗೂ ಹೇಳುತ್ತಿದ್ದಾಳೆ. ನಾನು ಕಾಲೇಜು ಓದಿದವಳು. ಆ ಕಾರ್ಡಿನಿಂದ ಗೊತ್ತಾದದ್ದು ಅದು ನಿನ್ನ ಸುದ್ದಿಯಲ್ಲ ಅನ್ನುವುದಷ್ಟೇ ಅಂತ ನನಗೆ ಗೊತ್ತು. ಅವಳಿಗೆ ಹೇಳಿಲ್ಲ. ನಾಲ್ಕು ತಿಂಗಳಾಯಿತು. ಏನೂ ಬರೆಯಲು ತೋಚದಿದ್ದರೆ ನಿನ್ನ ಹೆಸರೊಂದನ್ನೇ ಬರೆದು ಕಳಿಸು, ನಾಲ್ಕೂ ಮೂಲೆ ನೆಟ್ಟಗಿರಲಿ.