ವಾಲ್ವ್ ತಿರುಗಿಸುವ ಮೊದಲೇ ಮಾಯವಾದ ಜ್ವಾಲೆ

ಗೆಳೆಯಾ,

ಕಳೆದ ಮಾರ್ಚ್ ಎರಡನೆಯ ಭಾನುವಾರ, ನಿನ್ನ ವಿಜ್ಞಾನ ಕೇಂದ್ರದ ಸಭಾಂಗಣದಲ್ಲಿ, ಮುನ್ನೂರು ಜನರ ಎದುರು ನೀನು ಸುಳ್ಳು ಪ್ರಯೋಗ ಮಾಡಿದೆ. ಅದನ್ನು ಎತ್ತಿ ತೋರಿಸಿದ ನನ್ನ ತಂಗಿಯನ್ನು ಮರುದಿನವೇ ಪ್ರಯೋಗಾಲಯದಿಂದ ತೆಗೆದು ಟಿಕೆಟ್ ಕಿಟಕಿಯಲ್ಲಿ ಕೂರಿಸಿದೆ. ನಾನು ಮೂರು ಪತ್ರ ಬರೆದೆ, ಉತ್ತರವಿಲ್ಲ. ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ.

ಇಂಗಾಲದ ಡೈಆಕ್ಸೈಡ್ ಶಾಖದ ಕಿರಣಗಳನ್ನು ಹೀರುತ್ತದೆ ಎಂಬುದು ನಿಜ. ಅದನ್ನು ಕಣ್ಣಾರೆ ತೋರಿಸುವ ಬಗೆಯನ್ನು ಅವಳು ಎರಡು ತಿಂಗಳು ಕೂತು ಹೊಂದಿಸಿದ್ದಳು. ಉದ್ದನೆಯ ಕೊಳವೆ, ಎರಡೂ ತುದಿಗೆ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆ, ಆಚೆ ಮೇಣದಬತ್ತಿ, ಈಚೆ ಈ ಅನಿಲ ಹೀರುವ ಕಿರಣಗಳನ್ನಷ್ಟೇ ಕಾಣುವ ಥರ್ಮಲ್ ಕ್ಯಾಮೆರಾ. ಒಂದು ಮಧ್ಯಾಹ್ನ ನನ್ನನ್ನೂ ಕರೆದು ತೋರಿಸಿದಳು. ಅನಿಲ ತುಂಬಿದಂತೆ ಪರದೆಯ ಮೇಲಿನ ಜ್ವಾಲೆ ನಿಧಾನವಾಗಿ ಮಂಕಾಯಿತು. ಬರಿಗಣ್ಣಿಗೆ ಅದು ಉರಿಯುತ್ತಲೇ ಇತ್ತು. ಪಕ್ಕದಲ್ಲಿದ್ದ ನೀನು ಗಡಿಯಾರ ನೋಡಿ, "ಇಷ್ಟೊತ್ತು ಯಾರು ಕಾಯ್ತಾರೆ? ತಟ್ಟನೆ ಮಾಯ ಆಗ್ಬೇಕು, ಜನ ಬಾಯಿ ಬಿಟ್ಕೊಂಡು ನೋಡ್ಬೇಕು" ಅಂದೆ.

ಹಾಗಾಗಿ ಹಾಳೆ ಕಿತ್ತು ದಪ್ಪ ಗಾಜು ಕೂರಿಸಿದೆ. ಗಾಜು ಆ ಕಿರಣಗಳನ್ನು ತಾನೇ ತಡೆಯುತ್ತದೆಂದು ನಿನಗೆ ಗೊತ್ತಿತ್ತು. ಆ ಭಾನುವಾರ ಜ್ವಾಲೆಯ ಮುಂದೆ ಕೊಳವೆ ಇಟ್ಟೆ, ಪರದೆಯಿಂದ ಜ್ವಾಲೆ ಮಾಯ. ಚಪ್ಪಾಳೆ. ಆಗ ಅವಳು ಮೂಲೆಯಿಂದ, "ಸರ್, ಗ್ಯಾಸ್ ಸಿಲಿಂಡರ್ ವಾಲ್ವೇ ಇನ್ನೂ ತಿರುಗಿಸಿಲ್ಲ" ಅಂದಳು.

"ಏನಮ್ಮಾ, ನೀನು ಧೂಳು ಒರೆಸೋದು ನೋಡ್ಕೋ, ವಿಜ್ಞಾನ ನಾನು ನೋಡ್ಕೋತೀನಿ" ಅಂದೆ ನೀನು. ಸಭೆ ನಕ್ಕಿತು. ಹತ್ತೊಂಬತ್ತು ವರ್ಷ ಆ ಉಪಕರಣಗಳನ್ನು ಕಾಪಾಡಿದವಳು. ನಮ್ಮ ಮನೆಯಲ್ಲಿ ನಿನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದವಳು.

ಎಂಟನೆಯ ತರಗತಿಯಲ್ಲಿ ನೀನು ಸ್ಟೌ ಹಚ್ಚುವ ಮೊದಲೇ ನೀರು ನೂರು ಡಿಗ್ರಿಗೆ ಕುದಿಯಿತೆಂದು ಬರೆದಿದ್ದೆ, ನೆನಪಿದೆಯೇ? ಮೇಷ್ಟ್ರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು.

ಅಂದಿನ ವಿಡಿಯೊ ಈಗ ಊರೆಲ್ಲ ಸುತ್ತಿದೆ. ಟಿಕೆಟ್‌ಗೆ ಬಂದವರು ಅವಳನ್ನೇ ಕೆಣಕುತ್ತಾರೆ: "ಗ್ಯಾಸ್ ಇಲ್ದೇನೇ ಮಾಯ ಆಯ್ತಲ್ಲ ಮೇಡಂ, ಭೂಮಿ ಬಿಸಿಯಾಗೋದೂ ಇಂಥದ್ದೇ ಕಣ್ಕಟ್ಟಾ?" ನಿಜವಾದ ಮಾತಿಗೆ ಸುಳ್ಳು ಸಾಕ್ಷಿ ತಂದವನು ನೀನು. ಉತ್ತರ ಕೊಡಬೇಕಾದವಳು ಅವಳೇ?

ಅದೇ ಸಭಾಂಗಣಕ್ಕೆ ಜನರನ್ನು ಮತ್ತೆ ಕರೆ. ಗಾಜು ತೆಗೆ, ಹಾಳೆ ಬಿಗಿ, ವಾಲ್ವ್ ಅವಳೇ ತಿರುಗಿಸಲಿ. ಜ್ವಾಲೆ ಮಂಕಾಗುವವರೆಗೆ ಜನ ಕಾಯುತ್ತಾರೆ. ಅಷ್ಟು ಹೊತ್ತಿನಲ್ಲಿ, ಅಂದು ಏನು ಮಾಡಿದೆ, ಏಕೆ ಮಾಡಿದೆ ಎಂದು ಮೈಕಿನಲ್ಲಿ ನೀನೇ ಹೇಳು.

ಆ ಧೈರ್ಯ ನಿನಗೆ ಬರಲಿ ಎಂದು ಹರಸುವ,
ಈ ಸಲ ಸುಮ್ಮನಿರದ, ನಿನ್ನ ಹಳೆಯ ಬೆಂಚಿನ ಜೊತೆಗಾರ