ಮೂರನೇ ಕೈ

ಮೆಟ್ಟಿಲ ಕೆಳಗಿನ ಕೋಣೆ,
ಸೋಮವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀ? ಬಲಗೈ ಮಣಿಕಟ್ಟಿನ ನೋವು ಇಳಿಯಿತೇ? ಬೆಚ್ಚಗೆ ಬಟ್ಟೆ ಸುತ್ತಿಕೊಂಡು ಮಲಗು ಅಂತ ಅಮ್ಮ ಹೇಳಿದ್ದನ್ನು ಮಾಡುತ್ತಿದ್ದೀಯೋ, ಇಲ್ಲ ಬರೀ ‘ಹೂಂ’ ಅಂದು ಸುಮ್ಮನಾದೆಯೋ? ಕಣ್ಣಿಗೂ ಸ್ವಲ್ಪ ಬಿಡುವು ಕೊಡು. ಕೆಳಗಿನಿಂದ ದೀಪ ಉರಿಯುವ ಆ ಗಾಜಿನ ಮೇಜಿನ ಮೇಲೆ ದಿನವಿಡೀ ಬಗ್ಗಿ ಕೂತರೆ ಎಂಥವರ ಕಣ್ಣಾದರೂ ಕೆಂಪಗಾಗುತ್ತದೆ. ನಿನ್ನ ಫೋನು ಹೋದ ವಾರದಿಂದ ಬಾಯಿ ಮುಚ್ಚಿಕೊಂಡಿದೆ. ಅದಕ್ಕೇ ಈ ಕಾಗದ. ಫೋನನ್ನು ಆರಿಸಿಡಬಹುದು, ಬಾಗಿಲ ಸಂದಿಯಿಂದ ಒಳಗೆ ಬಿದ್ದ ಲಕೋಟೆಯನ್ನು ಆರಿಸಲಾಗುವುದಿಲ್ಲ. ಹೆಚ್ಚೆಂದರೆ ಓದದೆ ಇಡಬಹುದು. ಹಾಗೆ ಮಾತ್ರ ಮಾಡಬೇಡ, ನನ್ನಾಣೆ.

ಇಲ್ಲಿ ಎಲ್ಲರೂ ಇದ್ದೇವೆ. ಅಮ್ಮನ ಹೊಲಿಗೆ ಮಿಷನ್ನಿಗೆ ಪುರುಸೊತ್ತಿಲ್ಲ. ಜಪಾನಿ ಅನಿಮೆ ಕಾರ್ಟೂನುಗಳ ಪಾತ್ರಗಳ ವೇಷ ಹಾಕುವ ಹುಡುಗ ಹುಡುಗಿಯರೆಲ್ಲ ಈಗ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಚಿತ್ರ ತೋರಿಸಿ ‘ಆಂಟಿ, ಹೀಗೇ ಬೇಕು’ ಅನ್ನುತ್ತಾರೆ. ಅಮ್ಮ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ‘ಅಲ್ಲಮ್ಮಾ, ಇವಳಿಗೆ ಸೊಂಟವೇ ಇಲ್ವಲ್ಲ, ಬೆಲ್ಟು ಯಾವುದಕ್ಕೆ ಕಟ್ಟೋದು?’ ಅಂತ ಕೇಳುತ್ತಿದ್ದಳು, ಕೇಳಿಯೂ ಹೊಲಿದುಕೊಡುತ್ತಿದ್ದಳು, ಹೋದ ವಾರದ ತನಕ. ಅಪ್ಪನ ಬೋರ್ಡು ಬರೆಯುವ ಕೆಲಸ ಕಡಿಮೆಯಾಗಿದೆ. ಅಂಗಡಿಯವರೆಲ್ಲ ಬೋರ್ಡನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ ತಂದು ಬಿಗಿಯುತ್ತಾರೆ. ಕೈ ಖಾಲಿ ಇದ್ದದ್ದಕ್ಕೋ ಏನೋ, ಹೋದ ತಿಂಗಳು ಅಪ್ಪ ನಮ್ಮ ಮೆಟ್ಟಿಲ ಗೋಡೆಗೆ ಬಣ್ಣ ಹೊಡೆದರು. ಮೇಲಿನಿಂದ ಬೀದಿಯ ತನಕ ತಿಳಿ ಹಳದಿ. ಆದರೆ ಹಿಡಿದು ಇಳಿಯುವ ಕಟಕಟೆ ಮುರಿದುಹೋದ ಆ ತಿರುವಿನಲ್ಲಿ ಒಂದು ಮೊಳದಷ್ಟು ಜಾಗ ಮಾತ್ರ ಹಳೆಯ ಮಾಸಲು ಬಣ್ಣದಲ್ಲೇ ಉಳಿದಿದೆ. ‘ಊರಿಗೆಲ್ಲ ಬಣ್ಣ ಬಳಿಯೋರಿಗೆ ಇಷ್ಟಗಲ ಗೋಡೆ ಕಾಣಿಸ್ಲಿಲ್ವಾ?’ ಅಂತ ಅಮ್ಮ ಛೇಡಿಸಿದರೆ ‘ಬಣ್ಣ ಮುಗೀತು ಕಣೇ’ ಅಂದರು. ಡಬ್ಬದಲ್ಲಿ ಇನ್ನೂ ಅರ್ಧ ಬಣ್ಣವಿತ್ತು. ಜಿಪುಣತನ ಅಂತ ನಾನೂ ನಕ್ಕೆ.

ನಾನು ಅದೇ ಜೆರಾಕ್ಸ್ ಅಂಗಡಿಯಲ್ಲಿದ್ದೇನೆ. ನನ್ನ ಕಾಲೇಜೆಲ್ಲ ಮಿಷನ್ ಪಕ್ಕದ ಆ ಹಾಳು ಪ್ರತಿಗಳ ಡಬ್ಬದೊಳಗೇ ನಡೆಯುತ್ತಿದೆ. ಕಸ ಗುಡಿಸುವವರ ಸಂಘ, ಬಾಡಿಗೆದಾರರ ಸಂಘ, ಕಿವಿ ಕೇಳದವರ ಸಂಘ, ಯಾರು ಬಂದು ಕರಪತ್ರ ಮಾಡಿಸಿದರೂ ಮಸಿ ಹತ್ತಿದ ಒಂದು ಪ್ರತಿ ನನ್ನ ಪಾಲಿಗೆ ಉಳಿಯುತ್ತದೆ. ಗುಡಿಸುವವರ ಕರಪತ್ರದಲ್ಲಿ ಒಂದು ಸಾಲಿದೆ: ‘ಹೆಸರಿಲ್ಲದ ದುಡಿಮೆ ಎಂದರೆ ಕದ್ದ ದುಡಿಮೆ.’ ಅದನ್ನು ಓದಿದಾಗಲೆಲ್ಲ ನೀನೇ ನೆನಪಾಗುತ್ತೀ. ನಿಮ್ಮ ಅನಿಮೆ ಸ್ಟುಡಿಯೋದಲ್ಲಿ ಮುಖ್ಯ ಚಿತ್ರಕಾರ ಮೊದಲ ಭಂಗಿಯನ್ನೂ ಕೊನೆಯ ಭಂಗಿಯನ್ನೂ ಬರೆದು ಕಳಿಸುತ್ತಾನೆ; ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೆಲ್ಲ, ಹಾಳೆಯ ಮೇಲೆ ಹಾಳೆ ಇಟ್ಟು, ನೀನು ಬರೆಯುತ್ತೀ. ಚಿತ್ರ ಓಡುವುದೇ ಆ ನಡುವಿನ ಹಾಳೆಗಳಿಂದ. ಕೊನೆಯಲ್ಲಿ ಹೆಸರುಗಳು ಸಾಲಾಗಿ ಮೇಲೇರುವಾಗ ಅವನ ಹೆಸರಿರುತ್ತದೆ, ಹಾಡಿದವಳದ್ದಿರುತ್ತದೆ, ಊಟ ಸರಬರಾಜು ಮಾಡಿದವರದ್ದೂ ಇರುತ್ತದೆ. ನಿನ್ನದಿಲ್ಲ. ಯಾವುದು ನಿನ್ನ ಕೆಲಸ ಅಂತ ನೀನಾಗಿ ಯಾರಿಗೂ ಹೇಳಕೂಡದು ಅಂತ ಸಹಿ ಬೇರೆ ಹಾಕಿಸಿಕೊಂಡಿದ್ದಾರೆ. ನೀನು ನನಗೊಬ್ಬಳಿಗೆ ಪಿಸುಗುಟ್ಟಿದೆ: ‘ಏಳನೇ ಕಂತು, ಮೆಟ್ಟಿಲು ಇಳಿಯೋ ಹುಡುಗಿ. ಅದು ನಂದು ಕಣೇ. ಬಾಯಿ ಬಿಟ್ಟೆ ಅಂದ್ರೆ ನೋಡು.’ ಬಾಯಿ ಬಿಟ್ಟಿಲ್ಲ ಅಕ್ಕಾ. ನನ್ನಂಥ ಬಾಯಿಗೆ ಅದು ಎಂಥ ಶಿಕ್ಷೆ ಅಂತ ನಿನಗೇ ಗೊತ್ತು.

ಇನ್ನು ವಿಷಯಕ್ಕೆ ಬರುತ್ತೇನೆ. ಆವತ್ತಿನ ಕೂಟದಲ್ಲಿ ಏನಾಯಿತು ಅನ್ನುವುದು ನಿನಗೆ ಫೋನಿನಲ್ಲಿ ಹರಿದಾಡಿದ ಚಿತ್ರದಿಂದ ಮಾತ್ರ ಗೊತ್ತು. ಅಲ್ಲಿದ್ದವಳು ನಾನು, ನನ್ನಿಂದ ಕೇಳು. ನೀನು ಶುರು ಮಾಡಿದ ನಮ್ಮ ಅನಿಮೆ ಬಳಗದ ವಾರ್ಷಿಕ ಕೂಟ ಈ ಸಲ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಗೋಡೆಯುದ್ದಕ್ಕೂ ಮೇಜು ಹಾಕಿ ಎಲ್ಲರೂ ತಮ್ಮ ಚಿತ್ರಗಳನ್ನು ಇಟ್ಟಿದ್ದರು. ಎಷ್ಟು ಚೆನ್ನಾಗಿ ಬರೆಯುತ್ತಾರೆ ಗೊತ್ತಾ ಈಗ! ನೀನು ಕಲಿಸಿದ ಕಣ್ಣುಗಳು, ಕಣ್ಣೊಳಗೆ ನೀನು ಕಲಿಸಿದ ಎರಡು ಬೆಳಕಿನ ಚುಕ್ಕಿ, ಒಂದು ದೊಡ್ಡದು, ಒಂದು ಸಣ್ಣದು. ಅಮ್ಮ ಹೊಲಿದ ವೇಷಗಳ ಮೆರವಣಿಗೆ ಇದೆ ಅಂತ ಹೇಳಿ ಅಪ್ಪನನ್ನೂ ಹೊರಡಿಸಿದೆ. ನನ್ನ ಲೆಕ್ಕ ಬೇರೆಯೇ ಇತ್ತು. ಅಲ್ಲಿ ಏಳನೇ ಕಂತನ್ನು ಪರದೆಯ ಮೇಲೆ ಹಾಕುತ್ತಾರೆ, ಅಪ್ಪ ನೋಡುತ್ತಾರೆ, ‘ಯಾರೋ ಚೆನ್ನಾಗಿ ಬರೆದಿದಾರೆ’ ಅನ್ನುತ್ತಾರೆ. ಅಷ್ಟು ಕಿವಿಗೆ ಬಿದ್ದರೆ ಸಾಕಿತ್ತು ನನಗೆ. ನೀನು ಹೊರಟ ದಿನ ಅವರು ಮೆಟ್ಟಿಲ ಮೇಲೆ ನಿಂತು ಆಡಿದ ಮಾತು ನಿನಗೆ ಇನ್ನೂ ಚುಚ್ಚುತ್ತಿದೆ ಅಂತ ಬಲ್ಲೆ. ‘ಇನ್ನೊಬ್ಬರ ಗೆರೆ ಮೇಲೆ ಗೆರೆ ಎಳೆಯೋಕೇನೇ ನಾನು ನಿನಗೆ ಕೈ ತಿದ್ದಿಸಿದ್ದು?’

ಕಂತನ್ನು ಹಾಕಲಿಲ್ಲ. ಕನ್ನಡಕದವನು ‘ನಿಲ್ಲಿಸಿ ನಗು’ ಅನ್ನುವ ಆಟ ಶುರು ಮಾಡಿದ. ಓಡುವ ಚಿತ್ರವನ್ನು ನಡುವೆ ಎಲ್ಲೋ ತಡೆದು ನಿಲ್ಲಿಸುವುದು, ಸಿಕ್ಕ ವಿಕಾರಕ್ಕೆ ಎಲ್ಲರೂ ನಗುವುದು, ಅತಿ ಕೆಟ್ಟದ್ದಕ್ಕೆ ಚಪ್ಪಾಳೆ. ಕನ್ನಡಕದವನು ಕೆಟ್ಟವನಲ್ಲ, ಕಚೇರಿಯಲ್ಲಿ ಗುಮಾಸ್ತಿಕೆ ಮುಗಿಸಿ ನೇರ ಬಳಗದ ಕೋಣೆಗೆ ಬಂದು ಕಸ ಗುಡಿಸುವವನು. ನಾಲ್ಕನೆಯದೋ ಐದನೆಯದೋ ಚಿತ್ರವಾಗಿ ನಿನ್ನ ಹುಡುಗಿ ಬಂದಳು. ಮುಖ ಕರಗಿದ ಮೇಣದ ಹಾಗೆ ಪಕ್ಕಕ್ಕೆ ಎಳೆದುಕೊಂಡಿತ್ತು. ಎಡಗೈ ಕೆಳಗೂ ಇತ್ತು, ಮೇಲೂ ಇತ್ತು. ಬಲಗೈ ಸೇರಿ ಒಟ್ಟು ಮೂರು ಕೈ. ಕೋಣೆಯೇ ಕಿತ್ತುಹೋಗುವಂತೆ ನಕ್ಕರು. ನನ್ನ ಪಕ್ಕದಲ್ಲಿ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು ಅಕ್ಕಾ. ಬೋರ್ಡಿನ ಕೆಲಸ ಕಡಿಮೆಯಾದಾಗಿನಿಂದ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಕರವಸ್ತ್ರದಿಂದ ಕಣ್ಣೊರಸಿಕೊಂಡು, ‘ಯಾವ ಪುಣ್ಯಾತ್ಮನಪ್ಪಾ ಇವನು! ದೇವರು ಕೊಟ್ಟದ್ದು ಸಾಲದು ಅಂತ ಇನ್ನೊಂದು ಕೈ ಅಂಟಿಸಿದಾನೆ’ ಅಂದರು. ಅಮ್ಮನೂ ನಕ್ಕಳು. ಅವಳಿಗೂ ಆಗ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ. ‘ನಿಲ್ಲಿಸಬೇಡಿ, ಓಡಿಸಿ! ಓಡಿಸಿ ನೋಡಿ!’ ಅಂತ ಕೂಗಿದೆ. ಏನಾಯಿತು ಗೊತ್ತಾ? ಇನ್ನೂ ನಕ್ಕರು. ‘ಬಂತಪ್ಪಾ ಕರಪತ್ರ!’ ಅಂತ ಹಿಂದಿನಿಂದ ಯಾರೋ ಅಂದರು. ‘ಇವತ್ತು ಯಾರ ಮೇಲಮ್ಮಾ ಹೋರಾಟ?’ ಅಂತ ಮತ್ತೊಬ್ಬರು. ಕುರ್ಚಿ ಕಡಿಮೆ ಬಿದ್ದಾಗ ಭಾಷಣ ಮಾಡಿದ್ದೆ, ನೀರಿನ ಲೋಟ ತೊಳೆಯದಿದ್ದಾಗಲೂ ಭಾಷಣ ಮಾಡಿದ್ದೆ. ನಿಜವಾಗಿ ಕೂಗಬೇಕಾದಾಗ ನನ್ನ ಕೂಗಿಗೆ ಬೆಲೆಯೇ ಉಳಿದಿರಲಿಲ್ಲ. ‘ಅದು ನನ್ನಕ್ಕನ ಚಿತ್ರ’ ಎಂದು ಒಂದೇ ಮಾತು ಹೇಳಿದ್ದರೆ ಇಡೀ ಕೋಣೆ ತೆಪ್ಪಗಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ನಿನ್ನ ಕೆಲಸಕ್ಕೆ ಕುತ್ತು. ನುಂಗಿಕೊಂಡು ಕೂತೆ. ಅಪ್ಪ ‘ಪಾಪ, ಬಿಡೇ, ತಮಾಷೆಗೆ ಅಲ್ವಾ’ ಅಂತ ನನ್ನ ಬೆನ್ನು ತಟ್ಟಿದರು.

ಸಂಜೆಯೊಳಗೆ ಆ ಚಿತ್ರ ಎಲ್ಲರ ಫೋನಿಗೂ ಹಾರಿತ್ತು. ಎಲ್ಲೆಲ್ಲೋ ಸುತ್ತಿ ನಿಮ್ಮ ಸ್ಟುಡಿಯೋದವರ ಕೈಗೂ ಸಿಕ್ಕಿತು. ನೀನು ಅಮ್ಮನಿಗೆ ಫೋನ್ ಮಾಡಿ ಅತ್ತೆಯಂತೆ. ಮಾರಾಟದ ಡಿಸ್ಕಿಗೆ ಹಾಕುವ ಮೊದಲು ಆ ಹಾಳೆಯನ್ನು ತಿದ್ದಿಕೊಡಬೇಕು, ಮೂರನೇ ಕೈ ಅಳಿಸಬೇಕು, ಈ ತಿಂಗಳ ಕೊನೆಯೊಳಗೆ, ಅಂತ ಮೇಲ್ವಿಚಾರಕರು ಅಂದರಂತೆ. ‘ಅಳಿಸಿ ಕೊಡ್ತೀನಿ ಅಮ್ಮಾ, ಆಮೇಲೆ ಪೆನ್ಸಿಲ್ ಮುಟ್ಟಲ್ಲ, ಸಾಕು’ ಅಂದೆಯಂತೆ. ಆಮೇಲೆ ಫೋನೇ ಇಲ್ಲ. ಅಮ್ಮ ಈಗ ವೇಷದ ಬಟ್ಟೆ ತಂದವರನ್ನೆಲ್ಲ ವಾಪಸು ಕಳಿಸುತ್ತಿದ್ದಾಳೆ. ‘ನಗೋರಿಗೆ ನಾನು ಹೊಲಿಯಲ್ಲ’ ಅನ್ನುತ್ತಾಳೆ, ಯಾಕೆ ಅಂತ ಅಪ್ಪ ಕೇಳಿದರೆ ಮಿಷನ್ ಜೋರಾಗಿ ತುಳಿಯುತ್ತಾಳೆ.

ನನಗೆ ನಿದ್ದೆ ಹತ್ತುತ್ತಿಲ್ಲ. ನಕ್ಕವರು ಪರರಾಗಿದ್ದರೆ ನನಗೆ ಸುಲಭವಿತ್ತು. ನಮ್ಮವರೇ ನಕ್ಕರು. ಒಂದೊಂದು ಕಂತಿಗಾಗಿ ವಾರವಿಡೀ ಕಾಯುವವರು, ಗೋಡೆಗೆಲ್ಲ ಆ ಮುಖಗಳನ್ನು ಅಂಟಿಸಿಕೊಂಡವರು, ಕೈ ನೋಯುವ ತನಕ ಅದೇ ಗೆರೆಗಳನ್ನು ಅಭ್ಯಾಸ ಮಾಡುವವರು. ಚಿತ್ರವನ್ನು ಇಷ್ಟು ಪ್ರೀತಿಸುವವರಿಗೆ ಅದನ್ನು ಬರೆದ ಕೈ ಯಾಕೆ ಕಾಣುವುದಿಲ್ಲ? ಉತ್ತರ ನನಗೆ ಯಾವ ಕರಪತ್ರದಲ್ಲೂ ಸಿಗಲಿಲ್ಲ. ಕೋಪಕ್ಕೆ ನಾನೇ ಒಂದು ಬರೆದೆ. ‘ನಕ್ಕವರೇ, ಕೇಳಿ!’ ಅಂತ ತಲೆಬರಹ. ಎರಡೂ ಬದಿ ತುಂಬ ಬೆಂಕಿ ಉಗುಳಿದ್ದೆ. ಕೊನೆಯ ಸಾಲಿನಲ್ಲಿ ನಿನ್ನ ಹೆಸರು. ಮಿಷನ್ನಿನ ಗಾಜಿನ ಮೇಲೆ ಮಗುಚಿ ಹಾಕಿ ಗುಂಡಿ ಒತ್ತಬೇಕು, ಕೈ ಏಳಲಿಲ್ಲ. ನಿನ್ನನ್ನು ಕೇಳದೆ ನಿನ್ನ ಹೆಸರು ಹಂಚಿದರೆ, ಕೇಳದೆ ಅಳಿಸಿದವರಿಗೂ ನನಗೂ ಏನು ವ್ಯತ್ಯಾಸ? ಹರಿದು ಹಾಳು ಪ್ರತಿಗಳ ಡಬ್ಬಕ್ಕೇ ಹಾಕಿದೆ.

ಆಮೇಲೆ ಬೇರೊಂದು ಮಾಡಿದೆ. ಆ ದೃಶ್ಯವನ್ನು ಒಂದೊಂದೇ ಫ್ರೇಮಾಗಿ ತೆಗೆದು ಅಂಗೈಯಗಲದ ದಪ್ಪ ಹಾಳೆಗಳ ಮೇಲೆ ಮುದ್ರಿಸಿ, ಒಂದು ಅಂಚಿಗೆ ಪಿನ್ ಹೊಡೆದು ಪುಟ್ಟ ಪುಸ್ತಕ ಮಾಡಿದೆ. ಹೆಬ್ಬೆರಳಿನಲ್ಲಿ ಸರ್ರನೆ ಬಿಟ್ಟರೆ ಹುಡುಗಿ ಮೆಟ್ಟಿಲು ಇಳಿಯುತ್ತಾಳೆ. ಹೆಸರಿಲ್ಲ, ಘೋಷಣೆಯಿಲ್ಲ, ಒಂದಕ್ಷರವಿಲ್ಲ. ನಾನು ಮಾಡಿದ ಮೊದಲ ಮಾತಿಲ್ಲದ ಕರಪತ್ರ ಇದು ಅಕ್ಕಾ! ಕನ್ನಡಕದವನ ಕೈಗೆ ಕೊಟ್ಟು ಸುಮ್ಮನೆ ಎದುರಿಗೆ ನಿಂತೆ. ನಾನು ಸುಮ್ಮನಿದ್ದದ್ದಕ್ಕೇ ಅವನು ಅರ್ಧ ಹೆದರಿದ. ಒಂದು ಸಲ ಬಿಟ್ಟ. ಮತ್ತೆ ಬಿಟ್ಟ. ಕನ್ನಡಕ ತೆಗೆದು ಒರೆಸಿ ಮತ್ತೆ ಬಿಟ್ಟ. ‘ಇದರಲ್ಲಿ ಆ ಮೂರನೇ ಕೈ ಎಲ್ಲಿ? ತೆಗೆದುಬಿಟ್ಟೆಯಾ?’ ಅಂದ. ‘ಇದೆ. ನಿಲ್ಲಿಸಿದರೆ ಮಾತ್ರ ಕಾಣುತ್ತೆ’ ಅಂದೆ. ಹಾಳೆ ಹಾಳೆಯಾಗಿ ಬಿಡಿಸಿ ಹುಡುಕಿ ನೋಡಿದ. ಆಮೇಲೆ ಪೊರಕೆ ಹಿಡಿದು ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸಿದ. ಆದರೆ ಹಾರಿಬಿಟ್ಟ ಚಿತ್ರವನ್ನು ಅವನೂ ವಾಪಸು ತರಲಾರ. ಅದು ಇವತ್ತೂ ಯಾರದೋ ಫೋನಿನಲ್ಲಿ ಯಾರನ್ನೋ ನಗಿಸುತ್ತಿದೆ. ಇದನ್ನೆಲ್ಲ ಬರೆದು ನಿನಗೆ ಸಮಾಧಾನ ಹೇಳಿದೆ ಅಂದುಕೊಳ್ಳಬೇಡ, ನನಗೇ ಸಮಾಧಾನವಿಲ್ಲ. ‘ನಿನ್ನ ಜೊತೆ ಗೆರೆ ಎಳೆಯುವವರೆಲ್ಲ ಪೆನ್ಸಿಲ್ ಕೆಳಗಿಡಿ, ಹೆಸರು ಕೇಳಿ’ ಅಂತ ಬರೆಯಲು ಕೈ ತುರಿಸುತ್ತಿದೆ. ಆದರೆ ಪೆನ್ಸಿಲ್ ಕೆಳಗಿಡುತ್ತೇನೆ ಅಂತ ನೀನೇ ಹೊರಟಿರುವಾಗ ನಾನು ಯಾವ ಬಾಯಿಂದ ಅದನ್ನು ಬರೆಯಲಿ? ತಿಂಗಳ ಕೊನೆ ಹತ್ತಿರ ಬರುತ್ತಿದೆ. ಅಳಿಸಬೇಡ ಅನ್ನುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಅಳಿಸಬೇಡ ಅಕ್ಕಾ.

ಅಂಥದೇ ಒಂದು ಪುಟ್ಟ ಪುಸ್ತಕವನ್ನು ಈ ಲಕೋಟೆಯಲ್ಲೇ ಇಡುತ್ತಿದ್ದೇನೆ. ಅಮ್ಮ ‘ಹೊತ್ತಿಗೆ ಸರಿಯಾಗಿ ತಿನ್ನು, ನಿನ್ನ ತಲೆ ಮೇಲೆ ನನ್ನ ಕೈ ಯಾವಾಗಲೂ ಇದೆ ಅಂತ ಬರಿ’ ಅಂದಿದ್ದಾಳೆ. ನಿನ್ನ ನೋಯುವ ಮಣಿಕಟ್ಟಿಗೆ ನನ್ನದೊಂದು ಮುತ್ತು.

ನಿನ್ನ ಬಾಯಿಬಡುಕಿ ತಂಗಿ,
ಕರಪತ್ರ

ತಾ.ಕ.: ಅಂಚೆಯವನು ಬೀದಿ ತುದಿಗೆ ಬಂದಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಲಕೋಟೆಗೆ ಅಂಟು ತರಲು ಮೇಲೆ ಹೋಗಿ ಬರುವಷ್ಟರಲ್ಲಿ ಅಪ್ಪ ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡಿದ್ದರು. ಬಣ್ಣ ಹತ್ತಿದ ಹೆಬ್ಬೆರಳಿನಿಂದ ಒಂದು ಸಲ ಬಿಟ್ಟರು, ಅಷ್ಟೇ. ಎದ್ದು ಹೊರಗೆ ಮೆಟ್ಟಿಲಿಗೆ ಹೋದರು. ಕಟಕಟೆಯಿಲ್ಲದ ತಿರುವಿನಲ್ಲಿ ನಿಂತು ಮತ್ತೆ ಮತ್ತೆ ಬಿಟ್ಟು ನೋಡಿದರು. ಆಗ ನನಗೂ ಕಾಣಿಸಿತು ಅಕ್ಕಾ, ಇಷ್ಟು ದಿನ ಕಂಡಿರಲಿಲ್ಲ: ನಿನ್ನ ಹುಡುಗಿ ತಿರುವಿಗೆ ಬಂದಾಗ ಎಡ ಅಂಗೈಯನ್ನು ಗೋಡೆಗೆ ಊರಿ ತಿರುಗುತ್ತಾಳೆ, ಸಣ್ಣವಳಿದ್ದಾಗಿನಿಂದ ನೀನು ಓಡಿ ಇಳಿಯುತ್ತಿದ್ದ ಹಾಗೆಯೇ. ಅಪ್ಪ ಬಣ್ಣ ಹೊಡೆಯದೆ ಬಿಟ್ಟ ಜಾಗದಲ್ಲಿ ನಿನ್ನ ಅಂಗೈಯ ಕಪ್ಪು ಗುರುತು ಇನ್ನೂ ಇದೆ. ಅಪ್ಪ ಅದರ ಮೇಲೆ ಕೈಯಿಟ್ಟು ನಿಂತರು. ಅಮ್ಮ ಮಿಷನ್ ನಿಲ್ಲಿಸಿ ಕೆಳಗೆ ಬಂದು ಎಲ್ಲವನ್ನೂ ಹೇಳಿದಳು, ಅಳಿಸುವ ವಿಷಯವನ್ನೂ. ನಾನಲ್ಲ, ನಾನು ತುಟಿ ಬಿಚ್ಚಲಿಲ್ಲ. ‘ನೀವೇ ಬರೀರಿ’ ಅಂತ ಅಪ್ಪನಿಗೆ ಪೆನ್ನು ಚಾಚಿದೆ, ತೆಗೆದುಕೊಳ್ಳಲಿಲ್ಲ. ಪುಸ್ತಕವನ್ನೂ ವಾಪಸು ಕೊಡಲಿಲ್ಲ, ಜೇಬಿಗೆ ಹಾಕಿಕೊಂಡರು. ಅದಕ್ಕೇ ಲಕೋಟೆಯಲ್ಲಿ ಅದು ಇರುವುದಿಲ್ಲ. ಹೇಳಿದ್ದು ಇಷ್ಟೇ, ಹೇಳಿದ ಹಾಗೇ ಬರೆಯುತ್ತಿದ್ದೇನೆ: ‘ಆ ಮೂರನೇ ಕೈ ಅಳಿಸಬೇಡ ಅನ್ನು ಅವಳಿಗೆ. ಅದು ಗೋಡೆ ಹಿಡಿಯೋಕೆ ಹೋಗ್ತಿರೋ ಕೈ. ಅಳಿಸಿದ್ರೆ ಹುಡುಗಿ ಬಿದ್ದುಬಿಡ್ತಾಳೆ.’